ಅಚ್ಚಾಗದ ಹಳದಿ

ವ್ಯಾನ್ ಗೋನ ಸೂರ್ಯಕಾಂತಿಯನ್ನು ನಾನು ಒಮ್ಮೆ ಕೆಡಿಸಿದ್ದೇನೆ. ಒಂದಲ್ಲ, ಐದು ಸಾವಿರ ಪ್ರತಿ.

ಆಗ ಬೆಂಗಳೂರಿನ ಒಂದು ಆಫ್‌ಸೆಟ್ ಪ್ರೆಸ್ಸಿನಲ್ಲಿ ಪ್ರಿ-ಪ್ರೆಸ್ ಕೆಲಸಕ್ಕಿದ್ದೆ. ಚಿತ್ರ ಮೆಷಿನ್‌ಗೆ ಹತ್ತುವ ಮುಂಚೆ ಅದರ ಬಣ್ಣ ನೋಡಿ ಸರಿ ಮಾಡಿ ಪ್ಲೇಟಿಗೆ ಕಳಿಸುವುದು ನನ್ನ ಕೆಲಸ. ಒಂದು ಕಂಪನಿಯವರ ಹೊಸ ವರ್ಷದ ಡೈರಿ ಬಂದಿತ್ತು. ರಟ್ಟಿನ ಮೇಲೆ ಸೂರ್ಯಕಾಂತಿ ಚಿತ್ರ. ಪ್ರೂಫ್ ನೋಡಿದ ಗಿರಾಕಿ 'ಡಲ್ ಹೊಡೀತಿದೆ ಸಾರ್, ಸ್ವಲ್ಪ ಬ್ರೈಟ್ ಮಾಡಿ' ಅಂದರು. ಹಿನ್ನೆಲೆಯಲ್ಲಿ ಸಣ್ಣಗೆ ಸಯಾನ್, ಅಂದರೆ ಹಸಿರು ಬೆರೆತ ನೀಲಿ ಇಂಕು, ಇತ್ತು, ಚೂರು ಕಪ್ಪು ಇತ್ತು. ಎರಡನ್ನೂ ತೆಗೆದೆ. ಹಳದಿ ಏರಿಸಿದೆ. ಡೈರಿ ಅಚ್ಚಾಗಿ ಬಂದಾಗ ಹೂವಿನ ಹಿಂದಿನ ಗೋಡೆ ಮದುವೆಮನೆ ಚಿತ್ರಾನ್ನದ ಹಾಗೆ ಹೊಳೆಯುತ್ತಿತ್ತು. ಗಿರಾಕಿಗೆ ಬಹಳ ಇಷ್ಟವಾಯಿತು. ನನಗೂ ಅದೇ ಸರಿ ಅನ್ನಿಸಿತ್ತು. ಅಸಲಿ ಚಿತ್ರ ಹೇಗಿದೆ ಅಂತ ನಮ್ಮ ಪ್ರೆಸ್ಸಿನಲ್ಲಿ ಯಾರು ಕಂಡಿದ್ದರು?

ನಾನು ಕಂಡಿದ್ದು 2021ರ ಏಪ್ರಿಲ್‌ನಲ್ಲಿ, ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ. ಜೊತೆಗೆ ಅಮ್ಮ ಇದ್ದರು.

ಅಮ್ಮ ಸಿಡ್ನಿಗೆ ಬಂದಿದ್ದು 2020ರ ಫೆಬ್ರವರಿಯಲ್ಲಿ, ಸೊಸೆಯ ಬಾಣಂತನ ಮುಗಿಸಿ ಮೂರು ತಿಂಗಳಲ್ಲಿ ವಾಪಸ್ ಹೋಗುವ ಲೆಕ್ಕದಲ್ಲಿ. ಮಾರ್ಚ್ 20ಕ್ಕೆ ಆಸ್ಟ್ರೇಲಿಯಾ ಗಡಿ ಮುಚ್ಚಿತು. ವಿಮಾನ ನಿಂತವು. ಟಿಕೆಟ್ ರದ್ದು, ವೀಸಾ ವಿಸ್ತರಣೆ, ಮತ್ತೆ ಟಿಕೆಟ್, ಮತ್ತೆ ರದ್ದು. ಒಂದು ವರ್ಷ ದಾಟಿತು. ಹಿತ್ತಲಲ್ಲಿ ಮೆಂತ್ಯ, ದಂಟು, ಹೀರೆ ಎಲ್ಲ ಬೆಳೆದಾಯಿತು. ಅವರಿಗೂ ಬೇಜಾರು, ನಮಗೂ ಅವರನ್ನು ಎಲ್ಲಿಗೆ ಕರ್ಕೊಂಡು ಹೋಗೋದು ಅಂತ ಚಿಂತೆ.

ಲಂಡನ್‌ನ ನ್ಯಾಷನಲ್ ಗ್ಯಾಲರಿಯ 61 ಚಿತ್ರಗಳು ಕ್ಯಾನ್‌ಬೆರಾಗೆ ಬಂದಿವೆ ಅಂತ ಗೊತ್ತಾಗಿದ್ದು ಆಗಲೇ. ಬೊಟ್ಟಿಚೆಲ್ಲಿಯಿಂದ ವ್ಯಾನ್ ಗೋವರೆಗೆ ಅನ್ನೋ ಹೆಸರಿನ ಪ್ರದರ್ಶನ. ಮಾರ್ಚ್ 5ರಿಂದ ಜೂನ್ 14ರವರೆಗೆ. ಆ ಚಿತ್ರಗಳ ಪಾಡೂ ಹೆಚ್ಚು ಕಮ್ಮಿ ಅಮ್ಮನ ಪಾಡೇ. ಮೊದಲು ಟೋಕಿಯೋಗೆ ಹೋಗಿದ್ದವು. 2020ರ ಮಾರ್ಚ್ 3ಕ್ಕೆ ಅಲ್ಲಿ ಬಾಗಿಲು ತೆರೆಯಬೇಕಿತ್ತು. ಕೊರೊನಾದಿಂದ ಜೂನ್ 18ರವರೆಗೆ ಮುಚ್ಚಿದ ಕಟ್ಟಡದಲ್ಲೇ ಕೂತಿದ್ದವು. ಆಮೇಲೆ ಒಸಾಕಾ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಮನೆ ಬಿಟ್ಟು ಒಂದು ವರ್ಷದ ಮೇಲಾಗಿತ್ತು. ಲಂಡನ್‌ನ ಆ ಗ್ಯಾಲರಿ ಶುರುವಾಗಿದ್ದು 1824ರಲ್ಲಿ. ಇಷ್ಟು ದೊಡ್ಡ ಸಂಖ್ಯೆಯಲ್ಲಿ ತನ್ನ ಚಿತ್ರಗಳನ್ನು ಬ್ರಿಟನ್ನಿನ ಹೊರಗೆ ತಿರುಗಾಟಕ್ಕೆ ಕಳಿಸಿದ್ದು ಇದೇ ಮೊದಲು. 1940ರಲ್ಲಿ ಬಾಂಬಿಗೆ ಹೆದರಿ ಚಿತ್ರಗಳನ್ನು ಕೆನಡಾಗೆ ಸಾಗಿಸೋಣ ಅಂದಾಗಲೂ ಚರ್ಚಿಲ್ ಒಪ್ಪಿರಲಿಲ್ಲ. ವೇಲ್ಸ್‌ನ ಒಂದು ಕಲ್ಲುಗಣಿಯೊಳಗೆ ಬಚ್ಚಿಟ್ಟಿದ್ದರು. ಅಂಥವು ಈಗ ನಮ್ಮ ಮನೆಯಿಂದ ಮೂರು ಗಂಟೆ ದೂರದಲ್ಲಿ.

ಟಿಕೆಟ್‌ನಲ್ಲಿ ದಿನಾಂಕದ ಜೊತೆ ಗಂಟೆಯೂ ಇರುತ್ತಿತ್ತು. ಆ ಹೊತ್ತಿಗೇ ಒಳಗೆ ಹೋಗಬೇಕು. ವಾರಾಂತ್ಯದಲ್ಲಿ ಜನ ಜಾಸ್ತಿ ಅಂತ ಒಂದು ಮಂಗಳವಾರ ರಜೆ ಹಾಕಿ, ಬೆಳಗ್ಗೆ 11ಕ್ಕೆ ಎರಡು ಟಿಕೆಟ್ ತಗೊಂಡೆ. ಹೆಂಡತಿ 'ಮಗು ಕಟ್ಕೊಂಡು ಏನು ನೋಡೋಕಾಗತ್ತೆ, ನೀವಿಬ್ಬರೇ ಹೋಗಿ' ಅಂದಳು. ಅವಳಿಗೂ ಒಂದು ದಿನ ಮನೆ ಖಾಲಿ ಬೇಕಿತ್ತು ಅನ್ನಿ.

ಬುತ್ತಿಗೆ ಚಪಾತಿ, ಪಲ್ಯ, ಮೊಸರನ್ನ. ಆರೂವರೆಗೆ ಹೊರಟೆವು. ಗೌಲ್‌ಬರ್ನ್ ಊರಿನಲ್ಲಿ ಕಾಂಕ್ರೀಟಿನ ಒಂದು ದೈತ್ಯ ಟಗರು ನಿಲ್ಲಿಸಿದ್ದಾರೆ, ಮೂರಂತಸ್ತಿನ ಮನೆಯಷ್ಟು ಎತ್ತರ. ಅಮ್ಮನಿಗೆ ಅದರ ಮುಂದೆ ಫೋಟೋ ಬೇಕೇ ಬೇಕಾಯಿತು. ಆಮೇಲೆ ಕಾಫಿ. ಆಮೇಲೆ ಲೇಕ್ ಜಾರ್ಜ್ ಹತ್ತಿರ ಮತ್ತೆ ನಿಲ್ಲಿಸಿದೆವು. ವರ್ಷಗಟ್ಟಲೆ ಒಣಗಿ ಕುರಿ ಮೇಯುವ ಬಯಲಾಗಿಬಿಡುವ ಕೆರೆ ಅದು. ಆ ವರ್ಷ ಮಳೆಯಾಗಿ ನೀರು ಕಾಣುತ್ತಿತ್ತು. ಇಷ್ಟೆಲ್ಲ ಆಗಿ ಗ್ಯಾಲರಿ ಬಾಗಿಲಿಗೆ ಬಂದಾಗ 11 ಗಂಟೆ 25 ನಿಮಿಷ. ನನಗೆ ಕೈಕಾಲು ಆಡಲಿಲ್ಲ. ಬಾಗಿಲಲ್ಲಿದ್ದ ಹುಡುಗಿ ಟಿಕೆಟ್ ನೋಡಿ, ಅಮ್ಮನನ್ನು ನೋಡಿ, 'ಪರವಾಗಿಲ್ಲ, ಹೋಗಿ' ಅಂದಳು. ಸೀರೆ ಮೇಲೆ ಸ್ವೆಟರ್ ಹಾಕಿ, ಕಾಲಿಗೆ ಸ್ಪೋರ್ಟ್ಸ್ ಶೂ ಹಾಕಿದ ಎಪ್ಪತ್ತು ದಾಟಿದ ಹೆಂಗಸನ್ನು ವಾಪಸ್ ಕಳಿಸೋದು ಯಾರಿಗೂ ಕಷ್ಟವೇ.

ಹೊರಗಿನಿಂದ ಆ ಕಟ್ಟಡ ಬೂದು ಕಾಂಕ್ರೀಟಿನ ಕೋಟೆ. 1982ರಲ್ಲಿ ತೆರೆದಿದ್ದು. ಅಮ್ಮ 'ಪ್ಲಾಸ್ಟರಿಂಗ್ ಮಾಡ್ಸಿಲ್ವಾ?' ಅಂದರು. ಫೋನಿನಲ್ಲಿ ಚೆಕ್ ಇನ್ ಸಿಬಿಆರ್ ಆ್ಯಪ್ ತೆಗೆದು ಕ್ಯೂಆರ್ ಕೋಡ್ ಹೊಡೆದು, ಕೈಗೆ ಸ್ಯಾನಿಟೈಸರ್ ಹಚ್ಚಿ, ಬ್ಯಾಗು ಛತ್ರಿ ಬುತ್ತಿ ಎಲ್ಲ ಕ್ಲೋಕ್ ರೂಮಿಗೆ ಕೊಟ್ಟು ಒಳಗೆ ಹೋದೆವು. ಬ್ಯಾಗಿನ ಜೊತೆ ನನ್ನ ಲೂಪ್ ಕೂಡ ಹೋಯಿತು. ಲೂಪ್ ಅಂದರೆ ಕಣ್ಣಿಗೆ ಹಿಡಿದು ಅಚ್ಚಿನ ಚುಕ್ಕೆ ನೋಡುವ ಪುಟ್ಟ ಮಸೂರ. ಈಗ ಸಿಡ್ನಿಯಲ್ಲಿ ಬಿಸ್ಕತ್ತು ಪೊಟ್ಟಣ, ಸೋಪಿನ ಡಬ್ಬಿಗಳ ಬಣ್ಣ ನೋಡುವ ಕೆಲಸ ನನ್ನದು. ಲೂಪ್ ಜೊತೆಗಿಲ್ಲದಿದ್ದರೆ ಕನ್ನಡಕ ಮರೆತವನ ಹಾಗೆ ಆಗುತ್ತದೆ.

ಪ್ರದರ್ಶನವನ್ನು ಏಳು ಭಾಗ ಮಾಡಿದ್ದರು. ಇಟಲಿಯಿಂದ ಶುರು, ಫ್ರಾನ್ಸ್‌ನಲ್ಲಿ ಕೊನೆ. ಮೊದಲ ಕೋಣೆಯಲ್ಲೇ ಜನ ಕಟ್ಟಿಕೊಂಡಿದ್ದರು. ಯಾವ ಪ್ರದರ್ಶನದಲ್ಲೂ ಇದೇ ಕಥೆ. ದುಡ್ಡು ಕೊಟ್ಟು ಬಂದವರು ಮೊದಲ ಹತ್ತು ಚಿತ್ರದ ಪಕ್ಕದ ಬರಹವನ್ನೆಲ್ಲ ಅಕ್ಷರ ಬಿಡದೆ ಓದುತ್ತಾರೆ, ಕೊನೆಯ ಇಪ್ಪತ್ತರ ಮುಂದೆ ಕಾಲೆಳೆದುಕೊಂಡು ಹೋಗುತ್ತಾರೆ.

ನನಗೆ ಮೊದಲು ಕಣ್ಣಿಗೆ ಹೊಡೆದಿದ್ದು ಅಳತೆ. ಪಾವ್ಲೊ ಉಚ್ಚೆಲ್ಲೊ ಬರೆದ ಸಂತ ಜಾರ್ಜ್ ಮತ್ತು ಡ್ರ್ಯಾಗನ್ ಚಿತ್ರ ನೀವೂ ನೋಡಿರಬಹುದು. ಬಿಳಿ ಕುದುರೆ, ಈಟಿ, ಎರಡೇ ಕಾಲಿನ ಹಸಿರು ಡ್ರ್ಯಾಗನ್. ಪುಸ್ತಕಗಳಲ್ಲಿ ಇಡೀ ಪುಟಕ್ಕೆ ಹಾಕುತ್ತಾರೆ, ಹಾಗಾಗಿ ಗೋಡೆ ತುಂಬ ಇರಬೇಕು ಅಂತ ನಾನು ಅಂದುಕೊಂಡಿದ್ದೆ. ಅಗಲ ಮುಕ್ಕಾಲು ಮೀಟರೂ ಇಲ್ಲ. ನಮ್ಮ ಮನೆ ಟಿವಿಗಿಂತ ಚಿಕ್ಕದು. ಪಕ್ಕಕ್ಕೆ ತಿರುಗಿದರೆ ಕಾರ್ಲೊ ಕ್ರಿವೆಲ್ಲಿಯ ಚಿತ್ರ, 1486ರದ್ದು, ಎರಡು ಮೀಟರಿಗಿಂತ ಎತ್ತರ. ಅದೂ ಪುಸ್ತಕದಲ್ಲಿ ಅದೇ ಪುಟದ ಅಳತೆಯೇ. ಆನೆಗೂ ಇಲಿಗೂ ಒಂದೇ ಅಂಗಿ ಹೊಲಿಯುವ ಕಸುಬು ನಮ್ಮದು ಅಂತ ಅವತ್ತು ಅನ್ನಿಸಿತು.

ಡ್ರ್ಯಾಗನ್ ಮುಂದೆ ಅಮ್ಮ ನಕ್ಕರು. ಆ ಚಿತ್ರದಲ್ಲಿ ರಾಜಕುಮಾರಿ ತನ್ನ ಸೊಂಟಪಟ್ಟಿಯನ್ನು ಡ್ರ್ಯಾಗನ್ ಕೊರಳಿಗೆ ಕಟ್ಟಿ ಹಿಡಿದಿದ್ದಾಳೆ. ಕಥೆಯ ಪ್ರಕಾರ ಮೊದಲು ಜಾರ್ಜ್ ಈಟಿಯಿಂದ ತಿವಿಯುತ್ತಾನೆ, ಡ್ರ್ಯಾಗನ್ ಸೋತ ಮೇಲೆ ಅವಳು ಅದನ್ನು ಊರಿಗೆ ಎಳೆದುಕೊಂಡು ಹೋಗುತ್ತಾಳೆ. ಉಚ್ಚೆಲ್ಲೊ ಎರಡನ್ನೂ ಒಂದೇ ಚಿತ್ರದಲ್ಲಿ ಇಟ್ಟುಬಿಟ್ಟಿದ್ದಾನೆ. 'ಸಾಕಿದ ನಾಯಿ ವಾಕಿಂಗ್ ಕರ್ಕೊಂಡು ಬಂದವಳ ಥರ ನಿಂತಿದಾಳೆ. ಅವ್ನು ಯಾರೋ ಬಂದು ಸುಮ್ನೆ ಚುಚ್ತಾ ಇದಾನೆ' ಅಂದರು ಅಮ್ಮ. ಅದರ ರೆಕ್ಕೆ ಮೇಲೆ ಪಾತರಗಿತ್ತಿಗಿರುವ ಹಾಗೆ ದುಂಡು ದುಂಡು ಬೊಟ್ಟುಗಳಿವೆ. ಅಷ್ಟು ಮುದ್ದಾದ ಪ್ರಾಣಿಯನ್ನು ಯಾರು ಕೊಲ್ಲುತ್ತಾರೆ, ನಿಜಕ್ಕೂ?

ಕ್ರಿವೆಲ್ಲಿ ಚಿತ್ರದ ಮುಂದೆ ನಾನು ಸುಮಾರು ಹೊತ್ತು ನಿಂತೆ. ಯೇಸುವಿಗೆ ತಾಯಿಯಾಗುತ್ತೀ ಅಂತ ಮೇರಿಗೆ ದೇವದೂತ ಸುದ್ದಿ ತರುವ ಪ್ರಸಂಗ. ಆದರೆ ದೇವದೂತ ಇನ್ನೂ ಬೀದಿಯಲ್ಲೇ ಇದ್ದಾನೆ. ಜೊತೆಗೆ ಇಟಲಿಯ ಆಸ್ಕೊಲಿ ಊರಿನ ಸಂತ ಎಮಿಡಿಯಸ್, ಆ ಊರಿನದೇ ಪುಟ್ಟ ಮಾದರಿಯನ್ನು ಕೈಯಲ್ಲಿ ಹಿಡಿದು ಅವನ ಪಕ್ಕದಲ್ಲಿದ್ದಾನೆ. 1482ರಲ್ಲಿ ಪೋಪ್ ಆ ಊರಿಗೆ ಸ್ವಂತ ಆಡಳಿತ ಕೊಟ್ಟಿದ್ದ. ಆ ಸುದ್ದಿ ಊರು ಮುಟ್ಟಿದ್ದು ಮಾರ್ಚ್ 25ಕ್ಕೆ, ಮೇರಿಗೆ ಸುದ್ದಿ ಬಂದ ಹಬ್ಬದ ದಿನವೇ. ಅದರ ನೆನಪಿಗೆ ಬರೆಸಿದ ಚಿತ್ರ. ಆಕಾಶದಿಂದ ಚಿನ್ನದ ಒಂದು ಗೆರೆ ಹೊರಟು, ಗೋಡೆಯ ತೂತಿನಿಂದ ಒಳಗೆ ನುಗ್ಗಿ, ಮೇರಿಯ ತಲೆ ಮುಟ್ಟುತ್ತದೆ. ಮೇಲೆ ನವಿಲು. ಮೆಟ್ಟಿಲ ತುದಿಯಲ್ಲಿ ಒಂದು ಮಗು ಇಣುಕುತ್ತಿದೆ. ಕೆಳಗೆ ಅಂಚಿನ ಮೇಲೆ ಒಂದು ಸೇಬು, ಒಂದು ಸೌತೆಕಾಯಿ. ಸೌತೆಕಾಯಿ ಚೌಕಟ್ಟು ದಾಟಿ ನಮ್ಮ ಕಡೆ ಚಾಚಿಕೊಂಡ ಹಾಗಿದೆ, ಕೈ ಹಾಕಿದರೆ ಸಿಗುತ್ತದೆ ಅನ್ನೋ ಥರ.

ನಾನು ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿ ನೋಡಿದೆ. ಚಿನ್ನ ಒಮ್ಮೆ ಹೊಳೆಯುತ್ತದೆ, ಒಮ್ಮೆ ಮಂಕಾಗುತ್ತದೆ. ನಾವು ನಾಲ್ಕು ಬಣ್ಣದಲ್ಲಿ ಅಚ್ಚು ಹಾಕುವವರು: ಸಯಾನ್, ಮಜೆಂಟಾ, ಹಳದಿ, ಕಪ್ಪು. ಅದರಲ್ಲಿ ಚಿನ್ನ ಬರುವುದಿಲ್ಲ. ಬರುವುದು ಸಾಸಿವೆ ಗೊಜ್ಜಿನ ಕಂದು. ನಾನೇ ಎಷ್ಟು ಮದುವೆ ಕಾರ್ಡಿಗೆ ಆ ಗೊಜ್ಜನ್ನು ಚಿನ್ನ ಅಂತ ಮಾರಿಲ್ಲ! ನಾನು ಹೀಗೆ ತಲೆ ಆಡಿಸುತ್ತಿದ್ದಾಗ ಪಕ್ಕದ ಇಬ್ಬರು ನನ್ನನ್ನು ನೋಡಿ ತಾವೂ ಆಡಿಸತೊಡಗಿದರು.

ಡಚ್ ಕೋಣೆಯಲ್ಲಿ ರೆಂಬ್ರಾಂಟ್ 34ನೇ ವಯಸ್ಸಿನಲ್ಲಿ ಬರೆದುಕೊಂಡ ತನ್ನದೇ ಚಿತ್ರ, 1640ರದ್ದು. ದುಡ್ಡು, ಹೆಸರು ಎಲ್ಲ ಇದ್ದ ಕಾಲ. ದಿವಾಳಿ ಆಗುವುದಕ್ಕೆ ಇನ್ನೂ ಹದಿನಾರು ವರ್ಷ ಇತ್ತು. ಕತ್ತಲ ಕಡೆಯಿಂದ ಮುಖಕ್ಕೆ ಬೆಳಕು ಬಂದ ರೀತಿ ನೋಡಿ ಅಮ್ಮ 'ಜಗನ್ಮೋಹನ ಅರಮನೆಯ ದೀಪದ ಹುಡುಗಿ ಥರ ಇದೆ ಅಲ್ವಾ?' ಅಂದರು. ಹಳ್ದಣಕರ್ ಅವರ ಚಿತ್ರ, ದೀಪ ಹಿಡಿದು ನಿಂತ ಹುಡುಗಿ. ಮೈಸೂರಿನ ಮಕ್ಕಳೆಲ್ಲ ಸ್ಕೂಲ್ ಟ್ರಿಪ್ಪಿನಲ್ಲಿ ಕತ್ತಲೆ ಕೋಣೆಯೊಳಗೆ ಸಾಲಾಗಿ ಹೋಗಿ ಅದನ್ನು ನೋಡಿದವರೇ. ಅದು ಜಲವರ್ಣ, ಇದು ತೈಲವರ್ಣ ಅಂತ ನಾನು ಹೇಳಹೊರಟೆ. ಅಮ್ಮ ಆಗಲೇ ಮುಂದೆ ಹೋಗಿದ್ದರು.

ಮುಂದೆ ಇದ್ದದ್ದು ವರ್ಮೀರ್. ವಾದ್ಯದ ಮುಂದೆ ಕೂತು ನಮ್ಮ ಕಡೆ ತಿರುಗಿದ ಹೆಂಗಸು. ನೀಲಿ ಉಡುಪು. ಚಿತ್ರ ಅರ್ಧ ಮೀಟರ್ ಎತ್ತರ ಅಷ್ಟೇ. ವರ್ಮೀರ್ ಬಳಸುತ್ತಿದ್ದ ನೀಲಿ ಲ್ಯಾಪಿಸ್ ಲಾಜುಲಿ ಕಲ್ಲನ್ನು ಅರೆದು ತೆಗೆದದ್ದು. ಆ ಕಲ್ಲು ಬರುತ್ತಿದ್ದದ್ದು ಅಫ್ಘಾನಿಸ್ತಾನದ ಬೆಟ್ಟಗಳಿಂದ. ಆ ನೀಲಿಯೂ ನಮ್ಮ ಮೆಷಿನ್‌ಗೆ ಸಿಗುವುದಿಲ್ಲ. ಸಯಾನ್‌ಗೆ ಮಜೆಂಟಾ ಸೇರಿಸುತ್ತಾ ಹೋದರೆ ನೇರಳೆ ಆಗಿಬಿಡುತ್ತದೆ, ಕಮ್ಮಿ ಮಾಡಿದರೆ ಆಕಾಶ ಆಗಿಬಿಡುತ್ತದೆ. ನಡುವೆ ಒಂದು ಜಾಗ ಇದೆ. ಅಲ್ಲಿಗೆ ಹೋಗಲು ದಾರಿ ಇಲ್ಲ.

ಬ್ರಿಟಿಷ್ ಭಾವಚಿತ್ರಗಳ ಭಾಗವನ್ನು ಬೇಗ ದಾಟಿದೆವು. ರೇಷ್ಮೆ, ಲೇಸು, ಮುತ್ತು, ಸಿರಿವಂತ ಅಕ್ಕತಂಗಿಯರು. ವ್ಯಾನ್ ಡೈಕ್ ರೇಷ್ಮೆ ಬರೆದಿರುವುದು ನೋಡಿದರೆ ಮೈಸೂರ್ ಸಿಲ್ಕ್ ಅಂಗಡಿಯವರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ, ಅದು ನಿಜ. ಆಮೇಲೆ ಇಟಲಿ ಪ್ರವಾಸಕ್ಕೆ ಹೋದ ಇಂಗ್ಲಿಷ್ ಸಾಹುಕಾರರು ಮನೆಗೆ ತಂದ ಕ್ಯಾನಲೆಟ್ಟೊನ ವೆನಿಸ್. ಆ ಕಾಲದ ದುಬಾರಿ ಪೋಸ್ಟ್‌ಕಾರ್ಡು. ಅಮ್ಮನಿಗೆ ಇಲ್ಲಿ ಕಾಲು ನೋವು ಶುರುವಾಯಿತು. ಬೆಂಚು ಸಿಕ್ಕಿದ ಕಡೆ ಕೂತರು.

ಸ್ಪೇನಿನ ಕೋಣೆಯಲ್ಲಿ ಕಾಲು ನೋವು ಮರೆತುಹೋಯಿತು.

ವೆಲಾಸ್ಕೆಸ್ 1618ರಲ್ಲಿ, ಸುಮಾರು 19ರ ವಯಸ್ಸಿನಲ್ಲಿ ಬರೆದ ಅಡುಗೆಮನೆ ಚಿತ್ರ. ಮೇಜಿನ ಮೇಲೆ ನಾಲ್ಕು ಮೀನು, ಎರಡು ಮೊಟ್ಟೆ, ಬೆಳ್ಳುಳ್ಳಿ, ಒಂದು ಒಣಮೆಣಸಿನಕಾಯಿ. ಹುಡುಗಿಯೊಬ್ಬಳು ಹಿತ್ತಾಳೆ ಕುಟ್ಟಾಣಿಯಲ್ಲಿ ಕುಟ್ಟುತ್ತಿದ್ದಾಳೆ. ಕಣ್ಣು ಕೆಂಪಾಗಿ, ಮುಖ ಊದಿದೆ. ಹಿಂದಿನಿಂದ ಮುದುಕಿಯೊಬ್ಬಳು ಬೆರಳು ತೋರಿಸುತ್ತಾ ಏನೋ ಹೇಳುತ್ತಿದ್ದಾಳೆ. ಬಲಗಡೆ ಮೂಲೆಯಲ್ಲಿ, ಕಿಟಕಿಯೋ ಕನ್ನಡಿಯೋ ಗೊತ್ತಾಗದ ಒಂದು ಚೌಕದೊಳಗೆ, ಮಾರ್ಥಾ ಮತ್ತು ಮೇರಿ ಅನ್ನೋ ಅಕ್ಕತಂಗಿಯರ ಮನೆಯಲ್ಲಿ ಯೇಸು. ಈ ಮೇರಿ ಬೇರೆ, ಯೇಸುವಿನ ತಾಯಿಯಲ್ಲ. ಮಾರ್ಥಾ ಅಡುಗೆ ಮಾಡುತ್ತಾ ಗೊಣಗುತ್ತಾಳೆ, ಮೇರಿ ಕೂತು ಮಾತು ಕೇಳುತ್ತಾಳೆ, ಯೇಸು ಮೇರಿಯ ಪರ ಮಾತಾಡುತ್ತಾನೆ. ಬೈಬಲ್ ಕಥೆ ಇಷ್ಟೇ.

ಅಮ್ಮನಿಗೆ ಬೈಬಲ್ ಕಥೆ ಹೇಳುವ ಅಗತ್ಯವೇ ಬರಲಿಲ್ಲ. 'ಇವಳಿಗೆ ಬೈದಿದಾರೆ' ಅಂದರು. 'ಆ ಮುದುಕಿ ಅತ್ತೆ ಇರಬೇಕು. ಬಿಸಿಬಿಸಿ ಇನ್ನೂ ಆಗಿಲ್ವಾ ಅಂತ ಒಳಗಡೆಯಿಂದ ಕೂಗ್ತಾ ಇದಾರೆ.' ಆಮೇಲೆ ಕುಟ್ಟಾಣಿಯನ್ನೇ ನೋಡುತ್ತಾ ನಿಂತರು. ಅದರ ಹೊಟ್ಟೆಯ ಮೇಲೆ ಬೆಳಕು ಬಿದ್ದ ಜಾಗ, ಕುಟ್ಟಿ ಕುಟ್ಟಿ ಸವೆದ ಅಂಚು. 'ಅಮ್ಮನ ಹತ್ರ ಇಂಥದೇ ಇತ್ತು. ಭಾಗ ಆದಾಗ ದೊಡ್ಡಮ್ಮ ತಗೊಂಡು ಹೋದ್ರು.' ಒಣಮೆಣಸಿನಕಾಯಿ ಕಂಡು ನಾನು, ಇದು ಆಗಿನ್ನೂ ಅಮೆರಿಕದಿಂದ ಹಡಗಿನಲ್ಲಿ ಬಂದು ನೂರು ಚಿಲ್ಲರೆ ವರ್ಷ ಆಗಿತ್ತು, ನಮ್ಮ ಕಡೆಗೂ ಪೋರ್ಚುಗೀಸರೇ ತಂದಿದ್ದು ಅಂದೆ. 'ಹಂಗಾದ್ರೆ ಅದಕ್ಕೂ ಮುಂಚೆ ಸಾರಿಗೆ ಏನು ಹಾಕ್ತಿದ್ರು?' ಮೆಣಸು, ಅಂದೆ. ಈ ಉತ್ತರ ಅವರಿಗೆ ಸಮಾಧಾನ ಕೊಟ್ಟ ಹಾಗೆ ಕಾಣಲಿಲ್ಲ.

ಅದೇ ಕೋಣೆಯಲ್ಲಿ ಗೋಯಾ ಬರೆದ ಒಂದು ಸಣ್ಣ ಭಾವಚಿತ್ರ. ಕೆಂಪು ಕೋಟು, ಎದೆ ತುಂಬ ಪದಕ, ನಿದ್ದೆಗೆಟ್ಟ ದೊಡ್ಡ ಕಣ್ಣು. ಹೆಸರು ಓದಿದೆ: ಡ್ಯೂಕ್ ಆಫ್ ವೆಲಿಂಗ್ಟನ್.

'ಅಮ್ಮ, ಇವನು ಯಾರು ಗೊತ್ತಾ? ನಿಮ್ಮೂರಲ್ಲಿ ಇದ್ದವನು.'

ಅಮ್ಮನ ತವರು ಶ್ರೀರಂಗಪಟ್ಟಣದ ಪಕ್ಕದ ಗಂಜಾಂ. ದರಿಯಾ ದೌಲತ್ ಬಾಗ್ ಅವರಿಗೆ ಹಿತ್ತಲಿದ್ದ ಹಾಗೆ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಆ ಬೇಸಿಗೆ ಅರಮನೆಯಲ್ಲಿ ವಾಸ ಮಾಡಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್. ಅದೇ ವರ್ಷ ಏಪ್ರಿಲ್‌ನಲ್ಲಿ ಸುಲ್ತಾನ್‌ಪೇಟೆ ತೋಪಿನಲ್ಲಿ ಕತ್ತಲಲ್ಲಿ ದಾರಿ ತಪ್ಪಿ ಸೋತು ಓಡಿ ಬಂದವನೂ ಇವನೇ. ದರಿಯಾ ದೌಲತ್ ಗೋಡೆಯ ಮೇಲೆ ಇಂಗ್ಲಿಷರು ಪೊಳ್ಳಿಲೂರಿನಲ್ಲಿ ಟಿಪ್ಪುವಿಗೆ ಸೋತ ಯುದ್ಧದ ಚಿತ್ರ ಇದೆಯಲ್ಲ, ಅದಕ್ಕೆ ಮತ್ತೆ ಬಣ್ಣ ಹಚ್ಚಿಸಿದವನೂ ಇವನೇ. ತಮ್ಮವರು ಸೋತ ಚಿತ್ರವನ್ನು ಗೆದ್ದವನು ರಿಪೇರಿ ಮಾಡಿಸುವುದು ವಿಚಿತ್ರ. ಹದಿಮೂರು ವರ್ಷ ಆದ ಮೇಲೆ, 1812ರಲ್ಲಿ, ಅವನು ಫ್ರೆಂಚರನ್ನು ಸೋಲಿಸಿ ಮ್ಯಾಡ್ರಿಡ್‌ಗೆ ಬಂದಾಗ ಗೋಯಾ ಇದನ್ನು ಬರೆದ. ಆಮೇಲೆ ಅವನಿಗೆ ಇನ್ನಷ್ಟು ಪದಕ ಬಂದವು, ಗೋಯಾ 1814ರಲ್ಲಿ ಅವನ್ನೂ ಸೇರಿಸಿದ.

ಅಮ್ಮ ಹತ್ತಿರ ಹೋಗಿ ನೋಡಿದರು. ಹತ್ತಿರ ಅಂದರೆ ನೆಲದ ಗೆರೆಯವರೆಗೆ. 'ಗೆದ್ದೋನ ಮುಖಾನಾ ಇದು? ಜ್ವರ ಬಂದು ಎದ್ದೋನ ಥರ ಇದಾನೆ' ಅಂದರು. ನನಗೂ ಹಾಗೇ ಕಂಡಿತು. ಬಾಯಿ ಸ್ವಲ್ಪ ತೆರೆದುಕೊಂಡಿದೆ, ಹಲ್ಲು ಕಾಣುತ್ತದೆ. ಕಣ್ಣು ಎಲ್ಲೋ ಇದೆ. ಪದಕಗಳನ್ನು ಮಾತ್ರ ಗೋಯಾ ತುಂಬಾ ಅವಸರದಲ್ಲಿ ಹೊಡೆದಿದ್ದಾನೆ, ದಪ್ಪ ಬಣ್ಣದ ಚುಕ್ಕೆ ಚುಕ್ಕೆ.

ಈ ಚಿತ್ರಕ್ಕೆ ಇನ್ನೊಂದು ಕಥೆ ಇದೆ, ಅದನ್ನು ಅಮ್ಮನಿಗೆ ಬೆಂಚಿನ ಮೇಲೆ ಕೂತು ಹೇಳಿದೆ. 1961ರಲ್ಲಿ ಲಂಡನ್ ಗ್ಯಾಲರಿ ಇದನ್ನು 1,40,000 ಪೌಂಡಿಗೆ ಕೊಂಡು ಪ್ರದರ್ಶನಕ್ಕೆ ಇಟ್ಟಿತು. ಮೂರು ವಾರದೊಳಗೆ ಕಳವಾಯಿತು. ವಯಸ್ಸಾದವರಿಗೆ ಟಿವಿ ಲೈಸೆನ್ಸ್ ಫೀ ಬೇಡ ಅಂತ ಹಟ ಹಿಡಿದಿದ್ದ ಒಬ್ಬ ನಿವೃತ್ತ ಬಸ್ ಡ್ರೈವರ್, ಕೆಂಪ್ಟನ್ ಬಂಟನ್, ನಾಲ್ಕು ವರ್ಷದ ಮೇಲೆ ತಾನೇ ಒಪ್ಪಿಕೊಂಡ. ಚಿತ್ರ ಅಷ್ಟರಲ್ಲಿ ರೈಲ್ವೆ ನಿಲ್ದಾಣದ ಲಗೇಜ್ ಕೋಣೆಯಲ್ಲಿ ಸಿಕ್ಕಿತ್ತು. ಚಿತ್ರವನ್ನು ವಾಪಸ್ ಕೊಡುವ ಉದ್ದೇಶವೇ ಇತ್ತು ಅಂತ ಕೋರ್ಟು ಆ ಆರೋಪ ಬಿಟ್ಟಿತು. ಚೌಕಟ್ಟು ಮಾತ್ರ ವಾಪಸ್ ಬರಲಿಲ್ಲ. ಹಾಗಾಗಿ ಚೌಕಟ್ಟು ಕದ್ದ ತಪ್ಪಿಗೆ ಮೂರು ತಿಂಗಳು ಜೈಲು! ಅಮ್ಮ ಎಷ್ಟು ಜೋರಾಗಿ ನಕ್ಕರೆಂದರೆ ಕಾವಲಿನವರು ನಮ್ಮ ಕಡೆ ತಿರುಗಿದರು.

ನಿಸರ್ಗ ಚಿತ್ರಗಳ ಭಾಗದಲ್ಲಿ ನನಗೆ ಉಳಿದಿದ್ದು ಟರ್ನರ್ ಒಬ್ಬನೇ. 1829ರ ಚಿತ್ರ. ಒಕ್ಕಣ್ಣ ರಾಕ್ಷಸನನ್ನು ಹೀಯಾಳಿಸುತ್ತಾ ಯುಲಿಸಿಸ್ ಹಡಗಿನಲ್ಲಿ ಹೊರಟಿದ್ದಾನೆ. ರಾಕ್ಷಸ ಬೆಟ್ಟವೋ ಮೋಡವೋ ಗೊತ್ತಾಗುವುದಿಲ್ಲ. ಇಡೀ ಚಿತ್ರ ಸೂರ್ಯೋದಯದ್ದು. ಹಳದಿಯಿಂದ ಕಿತ್ತಳೆಗೆ, ಕಿತ್ತಳೆಯಿಂದ ಬೂದಿಗೆ ಎಲ್ಲಿ ತಿರುಗಿತು ಅಂತ ಬೆರಳಿಟ್ಟು ತೋರಿಸಲಾಗದು. ನಾವು ಕಂಪ್ಯೂಟರಿನಲ್ಲಿ ಎರಡು ಬಣ್ಣದ ನಡುವೆ ಎಳೆದ ಇಳಿಜಾರು ಅಚ್ಚಿನಲ್ಲಿ ಪಟ್ಟೆ ಪಟ್ಟೆ ಆಗಿ ಒಡೆಯುತ್ತದೆ. ಅದಕ್ಕಾಗಿ ಬೈಸಿಕೊಂಡ ರಾತ್ರಿಗಳು ನೆನಪಾದವು.

ಕೊನೆಯ ಭಾಗ ಫ್ರಾನ್ಸ್. ರೆನ್ವಾರ್, ದೆಗಾ, ಸೆಜಾನ್, ಮೊನೆಯ ತಾವರೆ ಕೊಳದ ಸೇತುವೆ. ಸುಮಾರು ಚೆನ್ನಾಗಿದ್ದವು. ಆದರೆ ಸತ್ಯ ಹೇಳಬೇಕಂದರೆ ನಾನು ಅವನ್ನು ಸರಿಯಾಗಿ ನೋಡಲೇ ಇಲ್ಲ. ಜನರ ತಲೆಗಳ ನಡುವೆ ಆ ಹಳದಿ ಕಂಡಿತ್ತು.

ಜನ ಅರ್ಧಚಂದ್ರಾಕಾರವಾಗಿ ನಿಂತಿದ್ದರು. ನನ್ನ ಸರದಿ ಬರಲು ಹತ್ತು ನಿಮಿಷ ಹಿಡಿಯಿತು. 92 ಸೆಂಟಿಮೀಟರ್ ಎತ್ತರ, 73 ಅಗಲ. ಹದಿನೈದು ಹೂವು. 1888ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಆರ್ಲ್‌ನಲ್ಲಿ, ಚಿತ್ರಕಾರ ಗೆಳೆಯ ಗೊಗ್ಯಾಂ ಬರುತ್ತಾನೆ ಅಂತ ಅವನ ಕೋಣೆ ಸಿಂಗರಿಸಲು ವ್ಯಾನ್ ಗೋ ಬರೆದಿದ್ದು. ಹೂವು ಬೇಗ ಬಾಡುತ್ತವೆ ಅಂತ ಬೆಳಗಿನ ಜಾವದಿಂದ ಕೂರುತ್ತಿದ್ದ. ಮಾರ್ಸೇಲ್ಸ್‌ನವನು ಮೀನಿನ ಸೂಪು ತಿನ್ನುವ ಹುರುಪಿನಲ್ಲಿ ಬರೆಯುತ್ತಿದ್ದೇನೆ ಅಂತ ತಮ್ಮ ಥಿಯೋಗೆ ಕಾಗದ ಹಾಕಿದ್ದ. ಥಿಯೋನ ಹೆಂಡತಿ ಜೋಹಾನಾ ಬಹಳ ವರ್ಷ ಇದನ್ನು ಬಿಟ್ಟುಕೊಡಲಿಲ್ಲ. ಕೊನೆಗೆ ಮನಸ್ಸಿಲ್ಲದ ಮನಸ್ಸಿನಿಂದ 1924ರಲ್ಲಿ ಲಂಡನ್‌ಗೆ ಕೊಟ್ಟಳು.

ನಾನು ಮೊದಲು ನೋಡಿದ್ದು ಹೂವನ್ನಲ್ಲ. ಹಿಂದಿನ ಗೋಡೆಯನ್ನು.

ಅದು ಚಿತ್ರಾನ್ನ ಅಲ್ಲ. ಹಾಲು ಬೆರೆಸಿದ ಹಾಗಿನ ತಣ್ಣನೆಯ ಹಳದಿ, ಅದರಲ್ಲಿ ಒಂದು ತೊಟ್ಟು ಹಸಿರು. ಆ ತಂಪು ಇರುವುದರಿಂದಲೇ ಮುಂದಿನ ಹೂವಿನ ಹಳದಿ ಬಿಸಿಯಾಗಿ ಕಾಣುತ್ತದೆ. ಕೆಳಗಿನ ಮೇಜು ಗಾಢ ಹಳದಿ, ಬೆಲ್ಲದ ಪಾಕದ್ದು. ಹೂಜಿಯ ಮೇಲರ್ಧ ಗಾಢ, ಅದರ ಹಿಂದೆ ತಿಳಿ ಗೋಡೆ. ಕೆಳಗಿನರ್ಧ ತಿಳಿ, ಅದರ ಹಿಂದೆ ಗಾಢ ಮೇಜು. ಮೇಜಿಗೂ ಗೋಡೆಗೂ ನಡುವೆ ಒಂದು ನೀಲಿ ಗೆರೆ. ಹೂಜಿಯ ಮೇಲೆ ವಿನ್ಸೆಂಟ್ ಅಂತ ಸಹಿ. ನಾನು ಡಲ್ ಅಂತ ತೆಗೆದುಹಾಕಿದ್ದ ಆ ಆರೇಳು ಪರ್ಸೆಂಟ್ ಸಯಾನ್ ಇಡೀ ಚಿತ್ರವನ್ನು ಹೊತ್ತುಕೊಂಡಿತ್ತು.

ಆಮೇಲೆ ಪಕ್ಕಕ್ಕೆ ಸರಿದು ಓರೆಯಿಂದ ನೋಡಿದೆ. ಗೋಡೆಯ ಬಣ್ಣ ನುಣುಪಾಗಿಲ್ಲ, ಬುಟ್ಟಿ ಹೆಣೆದ ಹಾಗೆ ಅಡ್ಡ, ಉದ್ದ ಕುಂಚದ ಗೆರೆ. ದಳ ಉದುರಿದ ಹೂಗಳ ನಡುಭಾಗ ಗಟ್ಟಿಯಾಗಿ ಎದ್ದು ನಿಂತಿದೆ. ಸೆಗಣಿ ಸಾರಿಸಿದ ಗೋಡೆಯಲ್ಲಿ ಬೆರಳಿನ ಗುರುತು ಉಳಿಯುತ್ತದಲ್ಲ, ಹಾಗೆ. ದೀಪದ ಬೆಳಕಿಗೆ ಆ ಉಬ್ಬುಗಳ ಕೆಳಗೆ ಪುಟ್ಟ ನೆರಳು ಬಿದ್ದಿತ್ತು. ಆಫ್‌ಸೆಟ್‌ನಲ್ಲಿ ಕಾಗದದ ಮೇಲೆ ಕೂರುವ ಇಂಕಿನ ಪದರ ಹೆಚ್ಚು ಕಮ್ಮಿ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದಕ್ಕೆ ನೆರಳು ಎಲ್ಲಿಂದ ಬರಬೇಕು? ಕ್ಯಾಲೆಂಡರಿನಲ್ಲಿ ಕಾಣುವುದು ಫೋಟೋ ತೆಗೆದ ದಿನದ ನೆರಳು. ಇಲ್ಲಿ ನಾನು ಸರಿದ ಹಾಗೆ ಹೊಳಪೂ ಸರಿಯುತ್ತಿತ್ತು.

ಹಿಂದಿದ್ದವರು ಗಂಟಲು ಸರಿ ಮಾಡಿಕೊಂಡರು. ಜಾಗ ಬಿಟ್ಟೆ. ಹಿಂದೆ ಹೋಗಿ ಮತ್ತೆ ಸಾಲಿಗೆ ನಿಂತೆ. ಹೀಗೆ ಮೂರು ಸಲ. ಮೂರನೇ ಸಲ ಅಮ್ಮನೂ ಬಂದರು. ಸ್ವಲ್ಪ ಹೊತ್ತು ನೋಡಿ 'ಬಾಡಿರೋ ಹೂನೂ ಬಿಡದೆ ಇಟ್ಟಿದಾನೆ ಪಾಪ. ನಾನಾಗಿದ್ರೆ ತೆಗೆದು ಎಸೀತಿದ್ದೆ' ಅಂದರು.

2022ರ ಅಕ್ಟೋಬರ್‌ನಲ್ಲಿ, ಚಿತ್ರ ಲಂಡನ್‌ಗೆ ವಾಪಸ್ ಹೋದ ಮೇಲೆ, ಇಬ್ಬರು ಹುಡುಗಿಯರು ಪರಿಸರ ಹೋರಾಟದ ಹೆಸರಲ್ಲಿ ಇದರ ಮೇಲೆ ಟೊಮೆಟೊ ಸೂಪ್ ಎರಚಿದರು. ಮುಂದೆ ಗಾಜಿದ್ದರಿಂದ ಚಿತ್ರಕ್ಕೆ ಏನೂ ಆಗಲಿಲ್ಲ. ವಿಡಿಯೋ ನೋಡುವಾಗ ನನಗೆ ನೆನಪಾಗಿದ್ದು ಮಾರ್ಸೇಲ್ಸ್‌ನ ಮೀನಿನ ಸೂಪು.

ಹೊರಗೆ ಬರುವ ದಾರಿ ಅಂಗಡಿಯೊಳಗಿನಿಂದಲೇ. ಸೂರ್ಯಕಾಂತಿ ಮಗ್, ಸೂರ್ಯಕಾಂತಿ ಛತ್ರಿ, ಸೂರ್ಯಕಾಂತಿ ಕಾಲುಚೀಲ. ಒಂದೊಂದರಲ್ಲೂ ಒಂದೊಂದು ಹಳದಿ. ಯಾವುದೂ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ನನ್ನ ಪಾಪ ಒಂದೇ ಅಲ್ಲ ಅಂತ ಸಮಾಧಾನ ಆಯಿತು. ಅಮ್ಮ ಡ್ರ್ಯಾಗನ್ ಪೋಸ್ಟ್‌ಕಾರ್ಡ್ ಒಂದು ಆರಿಸಿಕೊಂಡರು. ನಾನು ಸೂರ್ಯಕಾಂತಿಯದೇ ಒಂದು ತಗೊಂಡೆ. ಕ್ಲೋಕ್ ರೂಮಿನಿಂದ ಬುತ್ತಿ ಬಿಡಿಸಿಕೊಂಡು ಕೆರೆ ದಂಡೆಯಲ್ಲಿ ಕೂತು ಮೊಸರನ್ನ ತಿಂದೆವು. ಅಮ್ಮ ಗಂಜಾಮಿನ ತಂಗಿಗೆ ವಾಟ್ಸಾಪ್ ಕಾಲ್ ಮಾಡಿ, ದರಿಯಾ ದೌಲತ್‌ನಲ್ಲಿದ್ದ ಇಂಗ್ಲಿಷ್ ದೊರೆಯನ್ನು ನೋಡಿ ಬಂದೆ, ಅವನಿಗೆ ಹುಷಾರಿಲ್ಲ ಅಂತ ಹೇಳುತ್ತಿದ್ದರು.

ಅದಾದ ಎರಡೇ ವಾರಕ್ಕೆ ಊರಿನಿಂದ ಬರುವ ಕರೆಗಳು ಬೇರೆ ಥರ ಆದವು. ಎರಡನೇ ಅಲೆ. ಆಸ್ಟ್ರೇಲಿಯಾ ಭಾರತದ ವಿಮಾನಗಳನ್ನು ಪೂರ್ತಿ ನಿಲ್ಲಿಸಿತು. ಪ್ರದರ್ಶನ ಮುಗಿಯುವ ಮುಂಚೆ ಇನ್ನೊಮ್ಮೆ ಹೋಗಬೇಕು ಅಂದುಕೊಂಡಿದ್ದು ಹಾಗೇ ಉಳಿಯಿತು.

ಅವತ್ತು ರಾತ್ರಿ ಮನೆಗೆ ಬಂದು, ಎಲ್ಲರೂ ಮಲಗಿದ ಮೇಲೆ, ಅಡುಗೆಮನೆ ದೀಪದ ಕೆಳಗೆ ಪೋಸ್ಟ್‌ಕಾರ್ಡ್ ಇಟ್ಟು ಲೂಪ್ ಹಿಡಿದು ನೋಡಿದ್ದೆ. ಗೋಡೆಯ ಜಾಗಕ್ಕೆ ಹೋದೆ. ಹಳದಿ ಚುಕ್ಕೆಗಳ ನಡುವೆ ಅಲ್ಲಲ್ಲಿ, ರಾಗಿಕಾಳಿಗಿಂತ ಎಷ್ಟೋ ಸಣ್ಣದಾಗಿ, ಸಯಾನ್ ಚುಕ್ಕೆಗಳು. ಯಾರೋ ಪುಣ್ಯಾತ್ಮ ಅದನ್ನು ತೆಗೆಯದೆ ಬಿಟ್ಟಿದ್ದ.